ಒಂದಿಂಚು ರಿಮ್ ಇಳಿಸಿದರೆ ಸೊಂಟಕ್ಕೆ ಸುಖ

ಹೋದ ವರ್ಷ ಸಂಕ್ರಾಂತಿ ಮುಗಿದ ಮೇಲೆ ಚಿಕ್ಕಮ್ಮನನ್ನು ರಾಮನಗರದಿಂದ ಮಾಗಡಿ ಕಡೆಯ ಅವರೂರಿಗೆ ಬಿಟ್ಟುಬರಲು ಹೊರಟಿದ್ದೆ. ಹಿಂದಿನ ಸೀಟಿನಲ್ಲಿ ಅವರು, ಅವರ ತೊಡೆಯ ಮೇಲೆ ಎಳ್ಳು ಬೆಲ್ಲದ ಡಬ್ಬಿ. ಊರು ದಾಟಿ ಮೂರನೇ ಹಂಪು ಹತ್ತಿಳಿಯುವಷ್ಟರಲ್ಲಿ ಡಬ್ಬಿಯ ಮುಚ್ಚಳ ಕಳಚಿ ಎಳ್ಳೆಲ್ಲ ಸೀಟಿನ ಪಾಲಾಯಿತು. ‘ಅದೇನ್ ಕಾರೋ ನಿಂದು? ಎತ್ತಿ ಎತ್ತಿ ಹಾಕ್ತದೆ. ಇದಕ್ಕಿಂತ ನಮ್ಮ ಟೈರ್ ಗಾಡಿನೇ ವಾಸಿ ಕಣಪ್ಪ’ ಅಂದರು.

ನನ್ನದು ಹ್ಯಾಚ್‌ಬ್ಯಾಕ್, ಅದರಲ್ಲೂ ಟಾಪ್ ಮಾಡೆಲ್. ಹದಿನಾರು ಇಂಚಿನ ಹೊಳೆಯುವ ಅಲಾಯ್ ನೋಡಿಯೇ ಮನಸೋತು ತಗೊಂಡಿದ್ದು. ಅದನ್ನು ಎತ್ತಿನ ಗಾಡಿಗಿಂತ ಕಡೆ ಮಾಡಿದ್ದಕ್ಕೆ ಆ ಹೊತ್ತಿನಲ್ಲಿ ಮುಖ ಸಣ್ಣದಾಯಿತು. ಆಮೇಲೆ ಕೂತು ಲೆಕ್ಕ ಹಾಕಿದಾಗ ಚಿಕ್ಕಮ್ಮನ ಮಾತಿನಲ್ಲಿ ಸುಳ್ಳಿಲ್ಲ ಎಂದು ಗೊತ್ತಾಯಿತು. ಕಬ್ಬಿಣದ ಪಟ್ಟಿ ಬಿಗಿದ ಮರದ ಚಕ್ರದ ಗಾಡಿಯಲ್ಲೂ, ಟೈರ್ ಗಾಡಿಯಲ್ಲೂ ಕೂತವರಿಗೆ ಎರಡರ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ. ಎತ್ತು ಅವೇ, ದಾರಿ ಅದೇ. ನಡುವೆ ಬಂದದ್ದು ರಬ್ಬರಿನೊಳಗಿನ ಗಾಳಿ ಮಾತ್ರ. 1888ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಎಂಬ ಪಶುವೈದ್ಯ ಗಾಳಿ ತುಂಬಿದ ಟೈರು ಮಾಡಿದ್ದು ತನ್ನ ಮಗನ ಮೂರು ಗಾಲಿ ಸೈಕಲ್ಲಿಗೆ. ಕಲ್ಲು ಹಾಸಿನ ಬೀದಿಯಲ್ಲಿ ಹುಡುಗನಿಗೆ ಕುಲುಕಾಟ ಕಡಿಮೆಯಾಗಲಿ ಎಂಬ ಆಸೆ ಅದರ ಹಿಂದಿತ್ತು. ಅಂದರೆ ಗಾಳಿ ಟೈರು ಹುಟ್ಟಿದ್ದೇ ಸೊಂಟದ ಸುಖಕ್ಕೆ. ನೂರಮೂವತ್ತು ವರ್ಷ ಕಳೆದ ಮೇಲೆ ನಾವು ಅಂದಕ್ಕೆಂದು ರಿಮ್ ದೊಡ್ಡದು ಮಾಡುತ್ತಾ, ಅದರ ಸುತ್ತಲಿನ ರಬ್ಬರನ್ನು ತೆಳ್ಳಗೆ ಮಾಡುತ್ತಾ, ಮತ್ತೆ ಮರದ ಗಾಲಿಯ ಕಡೆಗೆ ಹೊರಟಿದ್ದೇವೆ.

ರಿಮ್ ಒಂದಿಂಚು ಇಳಿಸಿ, ಆ ಜಾಗವನ್ನು ರಬ್ಬರಿಗೆ ಬಿಟ್ಟುಕೊಟ್ಟರೆ ಸವಾರಿ ಮೆತ್ತಗಾಗುತ್ತದೆ. ನಾನು ಮಾಡಿಸಿದೆ, ಫಲ ಸಿಕ್ಕಿತು. ಆದರೆ ಕಣ್ಣುಮುಚ್ಚಿ ಮಾಡುವ ಕೆಲಸ ಇದಲ್ಲ. ಏನೇನು ನೋಡಬೇಕು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಟೈರಿನ ಮೇಲಿನ ಅಂಕಿ ಓದುವುದು

ಟೈರಿನ ಪಕ್ಕೆಯ ಮೇಲೆ 195/55 ಆರ್16 ಎಂಬಂಥ ಬರಹ ಇರುತ್ತದೆ. 195 ಎಂದರೆ ಟೈರಿನ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ. 55 ಎಂದರೆ ಆ ಅಗಲದ ನೂರಕ್ಕೆ 55 ಪಾಲು ಪಕ್ಕೆಯ ಎತ್ತರ. 16 ಎಂದರೆ ರಿಮ್ಮಿನ ಅಡ್ಡಳತೆ, ಇಂಚಿನಲ್ಲಿ. 195ರ ನೂರಕ್ಕೆ 55 ಅಂದರೆ 107 ಮಿ.ಮೀ. ರಸ್ತೆಗೂ ರಿಮ್ಮಿಗೂ ನಡುವೆ ಇರುವ ಹಾಸಿಗೆ ಇಷ್ಟೇ. ಗುಂಡಿಯ ಅಂಚು ಬಡಿದಾಗ ಮೊದಲು ಬಗ್ಗುವುದು ಈ ಪಕ್ಕೆ; ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಎಲ್ಲ ಆಮೇಲೆ. ದೊಡ್ಡ ಹಂಪಿನಲ್ಲಿ ಸಸ್ಪೆನ್ಷನ್ನಿನದೇ ಮುಖ್ಯ ಕೆಲಸ. ಆದರೆ ಕಿತ್ತುಹೋದ ಡಾಂಬರು, ಜಲ್ಲಿ ಎದ್ದ ದಾರಿ, ಕಾಂಕ್ರೀಟಿನ ಜೋಡಣೆ, ಪಟಪಟನೆ ಬರುವ ಸಣ್ಣ ಪಟ್ಟೆ ಹಂಪುಗಳು, ಇಂಥ ಚೂಪು ಪೆಟ್ಟುಗಳನ್ನು ನುಂಗುವುದು ಟೈರಿನ ಪಕ್ಕೆಯೇ. ಸ್ಪ್ರಿಂಗಿಗೆ ಅವು ಸಿಗುವಷ್ಟರಲ್ಲಿ ಅರ್ಧ ಪೆಟ್ಟು ಸೀಟಿಗೆ ತಲುಪಿರುತ್ತದೆ.

ಅದೇ ಕಾರಿಗೆ 185/65 ಆರ್15 ಹಾಕಿದರೆ? ಪಕ್ಕೆ 120 ಮಿ.ಮೀ. ಆಗುತ್ತದೆ. 13 ಮಿ.ಮೀ. ಹೆಚ್ಚು, ಅಂದರೆ ಕಿರುಬೆರಳಿನ ದಪ್ಪ. ಇಷ್ಟಕ್ಕೆ ಏನಾಗುತ್ತದೆ ಎನ್ನಬೇಡಿ, ಹಾಸಿಗೆಯಲ್ಲಿ ಎಂಟರಲ್ಲೊಂದು ಪಾಲು ಹೆಚ್ಚು ಸಿಕ್ಕಂತಾಯಿತು. ಇನ್ನು ಚಕ್ರದ ಒಟ್ಟು ಎತ್ತರ: ಎರಡು ಪಕ್ಕೆ ಮತ್ತು ರಿಮ್ ಕೂಡಿಸಿದರೆ ಹದಿನಾರರದ್ದು 620.9 ಮಿ.ಮೀ., ಹದಿನೈದರದ್ದು 621.5 ಮಿ.ಮೀ. ಒಂದು ಮಿಲಿಮೀಟರಿನ ವ್ಯತ್ಯಾಸವೂ ಇಲ್ಲ. ಸ್ಪೀಡೋಮೀಟರಿಗೆ ಚಕ್ರ ಬದಲಾಗಿದೆ ಎಂದೇ ತಿಳಿಯುವುದಿಲ್ಲ. ರಿಮ್ ಇಳಿಯಬೇಕು, ಒಟ್ಟು ಎತ್ತರ ಇದ್ದಷ್ಟೇ ಇರಬೇಕು. ಈ ಕೆಲಸದ ಜೀವಾಳ ಅದು.

ಟೈರು ಸ್ವಲ್ಪ ಕಿರಿದಾದ್ದರಿಂದ ತೂಕವೂ ಒಂದಿಷ್ಟು ಕಮ್ಮಿಯಾಗುತ್ತದೆ. ಸ್ಪ್ರಿಂಗಿನ ಕೆಳಗಿರುವ ತೂಕ ಕಡಿಮೆಯಾದಷ್ಟೂ ಚಕ್ರ ಗುಂಡಿಯ ಏರಿಳಿತವನ್ನು ಬೇಗ ಹಿಂಬಾಲಿಸುತ್ತದೆ, ಮೇಲಿನವರಿಗೆ ಬಡಿತ ಕಮ್ಮಿ. ಆದರೆ ಅಲಾಯ್ ತೆಗೆದು ಸ್ಟೀಲ್ ಡಿಸ್ಕ್ ಹಾಕಿದರೆ ಈ ಲಾಭ ಬಹುಪಾಲು ಹೋಗಬಹುದು. ಸ್ಟೀಲು ಭಾರ.

ಬಿಡದಿಯ ಕಾರ್ಖಾನೆ ಹೇಳುವ ಕಥೆ

ರಿಮ್ ಹೇಗೆ ಬೆಳೆಯಿತು ಎಂದು ನೋಡಲು ನಮ್ಮವರು ದೂರ ಹೋಗಬೇಕಿಲ್ಲ. ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ ಮೊದಲು ಕ್ವಾಲಿಸ್ ಹೊರಬಂತು, 2005ರಲ್ಲಿ ಇನ್ನೋವಾ ಬಂತು. ಆ ಮೊದಲ ಇನ್ನೋವಾದ ಟೈರು 205/65 ಆರ್15. ಪಕ್ಕೆ 133 ಮಿ.ಮೀ. ಮದುವೆ ದಿಬ್ಬಣ, ತಿರುಪತಿ, ಧರ್ಮಸ್ಥಳ ಎಂದು ಆ ಗಾಡಿಗಳು ಲಕ್ಷಗಟ್ಟಲೆ ಕಿಲೋಮೀಟರ್ ಓಡಿದವು. ಹಿಂದೆ ಕೂತ ಅಜ್ಜಿಯರು ನಿದ್ದೆ ಹೊಡೆದುಕೊಂಡು ಹೋದರು. 2016ರಲ್ಲಿ ಕ್ರಿಸ್ಟಾ ಬಂದಾಗ ಜಿಎಕ್ಸ್ ಮಾದರಿಗೆ 205/65 ಆರ್16 ಕೊಟ್ಟರು. ರಿಮ್ ಒಂದಿಂಚು ಹಿಗ್ಗಿತು, ಪಕ್ಕೆ ಮಾತ್ರ ಅದೇ 133. ಮೇಲ್ದರ್ಜೆಯ ಜೆಡ್‌ಎಕ್ಸ್‌ಗೆ 215/55 ಆರ್17, ಪಕ್ಕೆ 118. ಹೆಚ್ಚು ದುಡ್ಡು ಕೊಟ್ಟವರಿಗೆ 15 ಮಿ.ಮೀ. ರಬ್ಬರು ಕಮ್ಮಿ! ಆಮೇಲೆ ಬಂದ ಹೈಕ್ರಾಸ್‌ನ ಮೇಲ್ದರ್ಜೆಯಲ್ಲಿ 225/50 ಆರ್18, ಪಕ್ಕೆ 112ರ ಆಸುಪಾಸು.

ಕಾರ್ಖಾನೆಯವರು ಸುಮ್ಮನೆ ಹೀಗೆ ಮಾಡಿದರು ಎಂದಲ್ಲ. ದೊಡ್ಡ ರಿಮ್ಮಿನೊಳಗೆ ದೊಡ್ಡ ಬ್ರೇಕಿಗೆ ಜಾಗ ಸಿಗುತ್ತದೆ. ತೆಳು ಪಕ್ಕೆಯಿಂದ ಸ್ಟೀರಿಂಗು ಚುರುಕಾಗುತ್ತದೆ. ಶೋರೂಮಿನ ದೀಪದ ಕೆಳಗೆ ಗಾಡಿ ಗಟ್ಟಿಮುಟ್ಟಾಗಿ ಕಾಣುತ್ತದೆ. ಈ ಕೊನೆಯದಕ್ಕೇ ನಮ್ಮಲ್ಲಿ ಹೆಚ್ಚು ಬೆಲೆ ಎಂಬುದು ನನ್ನ ಅನುಮಾನ. ನಾನೂ ಅದಕ್ಕೇ ತಾನೆ ಬಿದ್ದದ್ದು.

ನಮ್ಮ ದಾರಿಗಳು

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಕಾರಿಗೆ ಗಂಟೆಗೆ 100 ಕಿ.ಮೀ. ಮಿತಿ. ಬರೀ ಅದರ ಮೇಲೇ ಓಡಾಡುವವರಿಗೆ ಹದಿನಾರು, ಹದಿನೇಳು ಇಂಚಿನ ಚಕ್ರದಿಂದ ತೊಂದರೆಯಿಲ್ಲ, ಸ್ಟೀರಿಂಗ್ ನೆಟ್ಟಗಿರುತ್ತದೆ ಎಂದು ಖುಷಿಯೂ ಇರುತ್ತದೆ. ಆದರೆ ರಾಮನಗರ, ಚನ್ನಪಟ್ಟಣದವರ ದಿನದ ಓಡಾಟ ಎಕ್ಸ್‌ಪ್ರೆಸ್‌ವೇ ಮೇಲಲ್ಲ. ಊರೊಳಗಿನ ಹಳೇ ರಸ್ತೆ, ಸರ್ವಿಸ್ ರಸ್ತೆ, ರೇಷ್ಮೆಗೂಡಿನ ಮಾರುಕಟ್ಟೆಯ ಮುಂದಿನ ಸಂದಣಿ, ಹಿಪ್ಪುನೇರಳೆ ತೋಟದ ಪಕ್ಕದ ಮಣ್ಣು ದಾರಿ. ಕನಕಪುರದಿಂದ ಸಂಗಮ, ಮೇಕೆದಾಟಿನ ಕಡೆಗೆ ತಿರುಗಿದರೆ ತಿರುವುಗಳ ಜೊತೆಗೆ ತೇಪೆಗಳು. ಮಾಗಡಿಯಿಂದ ಸಾವನದುರ್ಗದ ಕಡೆಗೂ ಅದೇ ಕಥೆ. ಪ್ರತಿ ಹಳ್ಳಿಯ ಶಾಲೆಯ ಮುಂದೆ ಒಂದು, ದೇವಸ್ಥಾನದ ಮುಂದೆ ಒಂದು, ಯಾರದೋ ಮನೆಯ ಮುಂದೆ ಯಾರ ಅಪ್ಪಣೆಯೂ ಇಲ್ಲದೆ ಎದ್ದ ಇನ್ನೊಂದು ಹಂಪು.

ಇದರ ಮೇಲೆ ಜಲ್ಲಿ ಟಿಪ್ಪರ್‌ಗಳು. ನಮ್ಮ ಬೆಟ್ಟಗಳ ಕಲ್ಲಿಗೆ ಭೂವಿಜ್ಞಾನಿಗಳು ‘ಕ್ಲೋಸ್‌ಪೇಟ್ ಗ್ರಾನೈಟ್’ ಎಂದು ಹೆಸರಿಟ್ಟದ್ದು ರಾಮನಗರದ ಬ್ರಿಟಿಷರ ಕಾಲದ ಹೆಸರಿನಿಂದ. 250 ಕೋಟಿ ವರ್ಷಗಳಷ್ಟು ಹಳೆಯ ಆ ಕಲ್ಲಿನ ಒಡೆದ ಅಂಚು ಚಾಕುವಿನಂತೆ ಇರುತ್ತದೆ. ಟಿಪ್ಪರಿನಿಂದ ಉದುರಿದ ಒಂದು ದಪ್ಪ ಜಲ್ಲಿ, ತೆಳು ಪಕ್ಕೆಯ ಟೈರು, ಅರವತ್ತರ ವೇಗ ಒಂದೇ ಕಡೆ ಸೇರಿದರೆ ಟೈರಿನ ಪಕ್ಕೆ ರಿಮ್ಮಿನ ಅಂಚಿಗೂ ಕಲ್ಲಿಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಒಳಗಿನ ನೂಲು ಕಡಿದು ಅಲ್ಲಿ ನೆಲ್ಲಿಕಾಯಿಯಷ್ಟು ಬುಗ್ಗೆ ಏಳುತ್ತದೆ. ಅದಕ್ಕೆ ರಿಪೇರಿ ಇಲ್ಲ, ಟೈರು ಎಸೆಯಬೇಕು. ಎರಡು ವರ್ಷದಲ್ಲಿ ನಾನು ಹೀಗೆ ಎರಡು ಟೈರು ಕಳೆದುಕೊಂಡೆ, ಒಂದು ಅಲಾಯ್ ಅಂಚು ಬಿರುಕು ಬಿಟ್ಟಿತು. ಬಿರುಕಿಗೆ ವೆಲ್ಡಿಂಗ್ ಮಾಡಿಕೊಡುವವರಿದ್ದಾರೆ. ಮಕ್ಕಳುಮರಿ ಕೂರುವ ಗಾಡಿಗೆ ಅಂಥ ರಿಮ್ ಹಾಕಬೇಡಿ ಎಂದಷ್ಟೇ ಹೇಳುತ್ತೇನೆ. ಸ್ಟೀಲ್ ಡಿಸ್ಕ್ ಆದರೆ ಸೊಟ್ಟಗಾಗುತ್ತದೆ, ಹೀಗೆ ಬಿರುಕು ಬಿಡುವುದು ಅಪರೂಪ.

  

ಮೊದಲು ದುಡ್ಡಿಲ್ಲದ ಕೆಲಸ

ಚಕ್ರ ಬದಲಿಸುವ ಮೊದಲು ಗಾಳಿ ನೋಡಿ. ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಒಂದು ಸ್ಟಿಕ್ಕರ್ ಇರುತ್ತದೆ. ಯಾವ ಅಳತೆಯ ಟೈರಿಗೆ ಎಷ್ಟು ಗಾಳಿ ಎಂದು ಅದರಲ್ಲಿ ಬರೆದಿರುತ್ತದೆ. ಹೆಚ್ಚಿನ ಹ್ಯಾಚ್‌ಬ್ಯಾಕ್‌ಗಳಿಗೆ 30ರಿಂದ 35 ಪಿಎಸ್‌ಐ. ಬಂಕಿನ ಹುಡುಗ ಕೇಳುವುದಿಲ್ಲ, 40ಕ್ಕೆ ಒತ್ತಿಬಿಡುತ್ತಾನೆ. ‘ಮೈಲೇಜ್ ಬರ್ತದೆ ಸಾರ್’ ಎಂಬ ಸಮಜಾಯಿಷಿ ಬೇರೆ. ಐದಾರು ಪಿಎಸ್‌ಐ ಹೆಚ್ಚಾದರೆ ಎಂಥ ದಪ್ಪ ಪಕ್ಕೆಯೂ ಕಲ್ಲಾಗುತ್ತದೆ. ಬೆಳಿಗ್ಗೆ ಗಾಡಿ ತೆಗೆಯುವ ಮುನ್ನ, ಟೈರು ತಣ್ಣಗಿರುವಾಗ ಅಳೆದದ್ದೇ ನಿಜವಾದ ಅಳತೆ. ಟೈರು ಹತ್ತು ಡಿಗ್ರಿ ಕಾದರೆ ಸುಮಾರು ಒಂದೂವರೆ ಪಿಎಸ್‌ಐ ಏರುತ್ತದೆ. ಬಿಸಿ ಟೈರಿನಿಂದ ಗಾಳಿ ಬಿಟ್ಟು ಲೆಕ್ಕ ಸರಿಮಾಡಲು ಹೋಗಬೇಡಿ. ಒಂದು ಗೇಜು ಕೊಂಡು ಡ್ಯಾಶ್‌ಬೋರ್ಡಿನಲ್ಲಿ ಇಟ್ಟುಕೊಂಡರೆ ಬಂಕಿನವನ ಜೊತೆ ಜಗಳ ತಪ್ಪುತ್ತದೆ. ಸ್ಟಿಕ್ಕರಿನಲ್ಲಿ ಹೇಳಿದ್ದಕ್ಕಿಂತ ಕಮ್ಮಿ ಮಾತ್ರ ಮಾಡಬೇಡಿ. ಮೆತ್ತಗಾಗುತ್ತದೆ ನಿಜ, ಆದರೆ ಎಕ್ಸ್‌ಪ್ರೆಸ್‌ವೇಯಲ್ಲಿ ಪಕ್ಕೆ ಬಗ್ಗಿ ಬಗ್ಗಿ ಕಾದು ಸಿಡಿಯುವುದು ಹೀಗೇ.

ಆಮೇಲೆ ಟೈರಿನ ವಯಸ್ಸು. ಪಕ್ಕೆಯ ಮೇಲೆ ನಾಲ್ಕು ಅಂಕಿಯ ಒಂದು ಗುರುತು ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಬಿಸಿಲಿನಲ್ಲಿ ನಿಂತು ಐದಾರು ವರ್ಷವಾದ ರಬ್ಬರು ಗಟ್ಟಿಯಾಗುತ್ತದೆ, ಗುಬ್ಬು ಉಳಿದಿದ್ದರೂ ಮೆತ್ತನೆಯ ಗುಣ ಹೋಗಿರುತ್ತದೆ. ಹೊಸ ಟೈರು ಹಾಕಿಸಿದ ದಿನವೇ ‘ಗಾಡಿ ಹೊಸದಾಯ್ತು’ ಎನಿಸುವುದಕ್ಕೆ ಇದೇ ಕಾರಣ. ಶಾಕ್ ಅಬ್ಸಾರ್ಬರ್ ಎಣ್ಣೆ ಸೋರುತ್ತಿದೆಯೇ, ಬುಷ್‌ಗಳು ಹರಿದಿವೆಯೇ, ಲಿಂಕ್ ರಾಡ್ ಟಕಟಕ ಎನ್ನುತ್ತಿದೆಯೇ ಎಂದೂ ಲಿಫ್ಟಿನ ಮೇಲೆ ಎತ್ತಿಸಿ ನೋಡಿ. ಎಂಬತ್ತು ಸಾವಿರ ಕಿ.ಮೀ. ಓಡಿದ ಗಾಡಿಯ ಸತ್ತ ಶಾಕ್‌ಗಳನ್ನು ಹಾಗೇ ಬಿಟ್ಟು ಚಕ್ರಕ್ಕೆ ದುಡ್ಡು ಸುರಿಯುವುದು ದಂಡ.

ಯಾವ ಅಳತೆ?

ಇವೆಲ್ಲ ಸರಿಯಿದ್ದೂ ಸೊಂಟ ಹಿಡಿಯುತ್ತಿದ್ದರೆ ಚಕ್ರದ ವಿಚಾರಕ್ಕೆ ಬನ್ನಿ. ನನ್ನ ಸಲಹೆ ಒಂದೇ: ಹೊಸ ಅಳತೆ ಕಂಡುಹಿಡಿಯಲು ಹೋಗಬೇಡಿ. ನಿಮ್ಮದೇ ಮಾಡೆಲ್ಲಿನ, ನಿಮ್ಮದೇ ಎಂಜಿನ್ನಿನ ಕೆಳದರ್ಜೆಗೆ ಕಂಪನಿ ಯಾವ ಚಕ್ರ ಕೊಟ್ಟಿದೆಯೋ ಅದನ್ನೇ ಹಾಕಿ. ಎಂಜಿನಿಯರುಗಳು ಬ್ರೇಕು, ಭಾರ, ತಿರುವು ಎಲ್ಲ ನೋಡಿ ಒಪ್ಪಿದ ಅಳತೆ ಅದು. ಬಹಳ ಸಲ ಬಾಗಿಲ ಕಂಬದ ಸ್ಟಿಕ್ಕರಿನಲ್ಲೇ ಎರಡೂ ಅಳತೆ ಬರೆದಿರುತ್ತದೆ.

ನಮ್ಮ ಕಡೆ ಹೆಚ್ಚು ಓಡುವ ಗಾಡಿಗಳನ್ನೇ ತೆಗೆದುಕೊಳ್ಳಿ. ಮಾರುತಿ ಬಲೆನೊದ ಕೆಳದರ್ಜೆಗೆ 185/65 ಆರ್15, ಮೇಲ್ದರ್ಜೆಗೆ 195/55 ಆರ್16. ಅದರ ಜೋಡಿ ಟೊಯೊಟಾ ಗ್ಲಾಂಜಾದಲ್ಲೂ ಅವೇ. ಸ್ವಿಫ್ಟ್‌ನಲ್ಲಿ ಕೆಳಗೆ 165/80 ಆರ್14, ಮೇಲೆ 185/65 ಆರ್15. ಹದಿನಾಲ್ಕಿನದರ ಪಕ್ಕೆ 132 ಮಿ.ಮೀ., ಒಟ್ಟು ಎತ್ತರದಲ್ಲಿ ಎರಡಕ್ಕೂ ಎರಡೇ ಮಿಲಿಮೀಟರ್ ವ್ಯತ್ಯಾಸ. ಟ್ಯಾಕ್ಸಿ ಓಡಿಸುವವರು ಕೆಳದರ್ಜೆಯ ಗಾಡಿಗೇ ಅಂಟಿಕೊಂಡಿರುವುದಕ್ಕೆ ಬೆಲೆ ಮಾತ್ರ ಕಾರಣವಲ್ಲ. ಕ್ರಿಸ್ಟಾ ಜೆಡ್‌ಎಕ್ಸ್ ಇರುವವರಿಗೆ ಜಿಎಕ್ಸ್‌ನ 205/65 ಆರ್16 ಇದೆ. ಒಟ್ಟು ಎತ್ತರ ನಾಲ್ಕೂವರೆ ಮಿ.ಮೀ. ಹೆಚ್ಚೇ ಆಗುತ್ತದೆ.

ಕ್ರೆಟಾದಂಥ ಗಾಡಿಯಲ್ಲಿ ಸ್ವಲ್ಪ ಯೋಚಿಸಬೇಕು. 215/60 ಆರ್17 ತೆಗೆದು 205/65 ಆರ್16 ಹಾಕಿದರೆ ಪಕ್ಕೆ 129ರಿಂದ 133ಕ್ಕೆ ಏರುತ್ತದೆ, ಅಷ್ಟೇ. ಆದರೆ ಒಟ್ಟು ಎತ್ತರ 690ರಿಂದ 673 ಮಿ.ಮೀ.ಗೆ ಇಳಿಯುತ್ತದೆ. ಗಾಡಿಯ ಹೊಟ್ಟೆ ನೆಲಕ್ಕೆ ಎಂಟು ಮಿ.ಮೀ.ಗಿಂತ ಹೆಚ್ಚು ಹತ್ತಿರ ಬರುತ್ತದೆ, ಸ್ಪೀಡೋಮೀಟರ್ 100 ತೋರಿಸುವಾಗ ನಿಜವಾದ ವೇಗ ಎರಡೂವರೆಯಷ್ಟು ಕಮ್ಮಿ ಇರುತ್ತದೆ. ಇಷ್ಟಕ್ಕೆ ನಾಲ್ಕು ಚಕ್ರದ ದುಡ್ಡು ಹಾಕುವುದು ನನಗಂತೂ ಸರಿಕಾಣದು.

ಅಗ್ಗಕ್ಕೆ ಸಿಕ್ಕಿತೆಂದು ಮಾಡುವ ಎಡವಟ್ಟು ಬೇರೆಯೇ. ಹದಿನಾರರ ಜಾಗಕ್ಕೆ ಯಾವುದೋ ಹಳೇ ಕಾರಿನ 175/65 ಆರ್14 ಹಾಕಿದರೆ ಚಕ್ರ 583 ಮಿ.ಮೀ.ಗೆ ಕುಗ್ಗುತ್ತದೆ. ಶೇಕಡಾ ಆರು ಕಮ್ಮಿ. ಗಾಡಿ ಎರಡು ಸೆಂಟಿಮೀಟರಿನಷ್ಟು ಕುಸಿದು ಪ್ರತಿ ಹಂಪಿನಲ್ಲೂ ಹೊಟ್ಟೆ ಉಜ್ಜುತ್ತದೆ. ಒಟ್ಟು ಎತ್ತರದ ಏರುಪೇರು ಶೇಕಡಾ ಮೂರರೊಳಗೆ ಇರಲಿ ಎಂಬುದು ಟೈರಿನವರ ರೂಢಿಯ ಲೆಕ್ಕ. ಒಂದರೊಳಗೆ ಇದ್ದರೆ ಇನ್ನೂ ವಾಸಿ.

ಭಾರದ ಅಂಕಿಯನ್ನಂತೂ ಮರೆಯಲೇಬೇಡಿ. ಅಳತೆಯ ಪಕ್ಕದಲ್ಲಿ 87ವಿ, 88ಎಚ್ ಎಂಬಂಥ ಗುರುತು ಇರುತ್ತದೆ. 82 ಎಂದರೆ ಒಂದು ಟೈರು 475 ಕೆ.ಜಿ. ಹೊರುತ್ತದೆ, 85 ಎಂದರೆ 515, 87 ಎಂದರೆ 545, 88 ಎಂದರೆ 560, 91 ಎಂದರೆ 615. ಅಕ್ಷರ ವೇಗದ್ದು: ಟಿ 190, ಎಚ್ 210, ವಿ 240 ಕಿ.ಮೀ. ವೇಗದ ಅಕ್ಷರ ಕಂಪನಿ ಹೇಳಿದ್ದಕ್ಕಿಂತ ಕೆಳಗಿಳಿಯದಿರಲಿ. ಭಾರದ್ದು ನಿಜಕ್ಕೂ ಬೇಕಾಗುತ್ತದೆ, ಏಕೆಂದರೆ ನಮ್ಮ ಕಾರುಗಳಲ್ಲಿ ಐದು ಜನ ಕೂತ ಮೇಲೂ ಡಿಕ್ಕಿಯಲ್ಲಿ ಊರಿಂದ ತಂದ ರಾಗಿ ಮೂಟೆ, ತೆಂಗಿನಕಾಯಿ ಚೀಲ ಇದ್ದೇ ಇರುತ್ತದೆ. ಎಲೆಕ್ಟ್ರಿಕ್ ಕಾರಿನಲ್ಲಿ ಬ್ಯಾಟರಿಯ ಭಾರವೂ ಸೇರಿರುವುದರಿಂದ ಅಲ್ಲಿ ಇನ್ನೂ ಎಚ್ಚರ ಬೇಕು.

ಚಳಿ ದೇಶಗಳಲ್ಲಿ ರಿಮ್ ಇಳಿಸುವುದು ಹೊಸದೇನಲ್ಲ. ಜರ್ಮನಿಯಲ್ಲಿರುವ ನಮ್ಮ ಹುಡುಗರನ್ನು ಕೇಳಿ, ಚಳಿಗಾಲ ಬಂತೆಂದರೆ ಬೇಸಿಗೆಯ ಚಕ್ರ ಬಿಚ್ಚಿಟ್ಟು ಹಿಮದ ಟೈರು ಹಾಕಿಸುತ್ತಾರೆ. ಆ ಚಳಿಗಾಲದ ಜೋಡಿ ಬಹಳ ಸಲ ಒಂದಿಂಚು ಚಿಕ್ಕ ರಿಮ್, ಕಿರಿದಾದ ಟೈರಿನದೇ ಆಗಿರುತ್ತದೆ.

ಹೊಂದಬೇಕಾದವು

ರಿಮ್ ಕೂರುತ್ತದೆಯೇ ಎಂಬುದಕ್ಕೆ ಮೊದಲ ಪರೀಕ್ಷೆ ಬ್ರೇಕು. ಮುಂದಿನ ಡಿಸ್ಕ್ ಬ್ರೇಕಿನ ಕ್ಯಾಲಿಪರ್ ರಿಮ್ಮಿನ ಒಳಗೋಡೆಗೆ ತಾಗಬಾರದು. ಮೇಲ್ದರ್ಜೆಗೆ ದೊಡ್ಡ ಡಿಸ್ಕ್ ಕೊಟ್ಟಿದ್ದರೆ ಚಿಕ್ಕ ರಿಮ್ ಕೂರುವುದೇ ಇಲ್ಲ, ಅಲ್ಲಿಗೆ ಮಾತು ಮುಗಿಯಿತು. ಇದಕ್ಕೊಂದು ಸುಲಭದ ದಾರಿ ನಿಮ್ಮ ಡಿಕ್ಕಿಯಲ್ಲೇ ಇರಬಹುದು. ಅನೇಕ ಮಾದರಿಗಳಲ್ಲಿ ಟಾಪ್ ಮಾಡೆಲ್ಲಿಗೂ ಸ್ಟೆಪ್ನಿಯಾಗಿ ಕೆಳದರ್ಜೆಯ ಸ್ಟೀಲ್ ಚಕ್ರವನ್ನೇ ಇಟ್ಟಿರುತ್ತಾರೆ. ತೆಗೆದು ಅಳತೆ ಓದಿ. ಅದು ಕೆಳದರ್ಜೆಯ ಪೂರ್ತಿ ಅಳತೆಯದಾಗಿದ್ದರೆ ಮುಂದಿನ ಚಕ್ರದ ಜಾಗದಲ್ಲಿ ಕೂರಿಸಿ, ಕೈಯಿಂದ ತಿರುಗಿಸಿ ನೋಡಿ. ಎಲ್ಲೂ ಉಜ್ಜದೆ ತಿರುಗಿದರೆ ಅರ್ಧ ಕೆಲಸ ಆದಂತೆ. ಬಡಕಲು ತಾತ್ಕಾಲಿಕ ಸ್ಟೆಪ್ನಿ ಇದ್ದರೆ ಈ ಲೆಕ್ಕ ನಡೆಯದು.

ಮಿಕ್ಕವು ಅಂಕಿಗಳು. ಬೋಲ್ಟು ಎಷ್ಟು, ಅವುಗಳ ನಡುವಿನ ವೃತ್ತ ಎಷ್ಟು ಎಂಬುದು ಪಿಸಿಡಿ. ಬಲೆನೊ, ಸ್ವಿಫ್ಟ್‌ಗಳಿಗೆ 4 ಬೋಲ್ಟು 100 ಮಿ.ಮೀ., ಕ್ರಿಸ್ಟಾ, ಕ್ರೆಟಾಗಳಿಗೆ 5 ಬೋಲ್ಟು 114.3 ಮಿ.ಮೀ. ರಿಮ್ಮಿನ ನಡುವಿನ ತೂತು ಹಬ್ಬಿಗೆ ಬಿಗಿಯಾಗಿ ಕೂರಬೇಕು, ಸಡಿಲವಿದ್ದರೆ ಎಂಬತ್ತರ ಮೇಲೆ ಸ್ಟೀರಿಂಗು ನಡುಗುತ್ತದೆ. ಆಫ್‌ಸೆಟ್ ಕಂಪನಿಯದೇ ಇರಲಿ. ಚಕ್ರ ಹೊರಗೆ ಚಾಚಿಕೊಂಡರೆ ಬೇರಿಂಗಿಗೆ ಭಾರ, ಒಳಗೆ ಹೋದರೆ ಸ್ಟ್ರಟ್ಟಿಗೆ ತಾಗುತ್ತದೆ. ಇನ್ನೊಂದು ಯಾರೂ ಹೇಳದ ಮಾತು: ಕೆಲವು ಗಾಡಿಗಳಲ್ಲಿ ಅಲಾಯ್ ನಟ್ಟು ಬೇರೆ, ಸ್ಟೀಲ್ ಡಿಸ್ಕಿನ ನಟ್ಟು ಬೇರೆ. ಚಪ್ಪಟೆ ವಾಷರಿನ ನಟ್ಟನ್ನು ಶಂಕುವಿನಾಕಾರದ ತೂತಿಗೆ ಬಿಗಿದರೆ ಬಿಗಿದಂತೆ ಕಾಣುತ್ತದೆ, ಕೂತಿರುವುದಿಲ್ಲ. ನಾಲ್ಕೂ ಚಕ್ರ ಒಂದೇ ಅಳತೆಯವಾಗಬೇಕು. ಎರಡು ಹೀಗೆ, ಎರಡು ಹಾಗೆ ಮಾಡಿದರೆ ಎಬಿಎಸ್ ಗಲಿಬಿಲಿಗೊಳ್ಳುತ್ತದೆ. ಗಾಳಿ ತೋರಿಸುವ ಸೆನ್ಸರ್ ವಾಲ್ವಿನಲ್ಲಿದ್ದರೆ ಅದನ್ನೂ ಹೊಸ ರಿಮ್ಮಿಗೆ ಹಾಕಿಸಿ.

ಕಾನೂನಿನ ಮಾತು ಚಿಕ್ಕದಾಗಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ನಿಗದಿಮಾಡಿದ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಒತ್ತಿ ಹೇಳಿತು. ಆರ್‌ಟಿಒ ಆಗಲಿ ವಿಮೆಯವರಾಗಲಿ ಕೇಳಿದರೆ ‘ಇದು ಇದೇ ಮಾಡೆಲ್ಲಿಗೆ ಕಂಪನಿ ಕೊಡುವ ಅಳತೆ’ ಎಂದು ಮ್ಯಾನುಯಲ್ ತೋರಿಸುವಂತಿರಬೇಕು. ವಿಮಾ ಕಂಪನಿಗೆ ಒಂದು ಮಿಂಚಂಚೆ ಹಾಕಿಟ್ಟರೆ ಕೈ ಸವೆಯುವುದಿಲ್ಲ.

ಎಲ್ಲಿ ಕೊಳ್ಳುವುದು, ಹೇಗೆ ಹಾಕಿಸುವುದು

ನಾವು ರಿಮ್ ಇಳಿಸಲು ಹೊರಟರೆ, ಕೆಳದರ್ಜೆ ಕೊಂಡವರಲ್ಲಿ ಎಷ್ಟೋ ಮಂದಿ ಶೋರೂಮಿನಿಂದ ನೇರ ಟೈರ್ ಅಂಗಡಿಗೆ ಹೋಗಿ ದೊಡ್ಡ ಅಲಾಯ್ ಹಾಕಿಸುತ್ತಾರೆ. ಹಾಗೆ ಅವರು ಬಿಚ್ಚಿಟ್ಟ, ನೂರು ಕಿ.ಮೀ. ಕೂಡ ಓಡದ ಹದಿನೈದಿಂಚಿನ ಡಿಸ್ಕು, ಟೈರು ಅಂಗಡಿಯ ಮೂಲೆಯಲ್ಲಿ ಬಿದ್ದಿರುತ್ತವೆ. ಅದೇ ನಿಮಗೆ ಬೇಕಾದದ್ದು. ಹೊಸದಕ್ಕಿಂತ ಎಷ್ಟೋ ಅಗ್ಗ. ಇಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ ಇದ್ದೇ ಇದೆ. ಓಡಿದ ರಿಮ್ ಕೊಳ್ಳುವಾಗ ಬ್ಯಾಲೆನ್ಸಿಂಗ್ ಯಂತ್ರಕ್ಕೆ ಹಾಕಿಸಿ ತಿರುಗಿಸಿ ನೋಡದೆ ದುಡ್ಡು ಎಣಿಸಬೇಡಿ. ಬಣ್ಣ ಹೊಡೆದು ಮುಚ್ಚಿದ ಸೊಟ್ಟು ಅಲ್ಲಿ ಕಂಡುಬಿಡುತ್ತದೆ.

ನಾನು ಹಾಕಿಸಿದ್ದು ಚನ್ನಪಟ್ಟಣದ ಒಂದು ಟೈರ್ ಅಂಗಡಿಯಲ್ಲಿ. ಪಕ್ಕದ ಮಳಿಗೆಯಲ್ಲಿ ಹಾಲೆ ಮರದ ಬೊಂಬೆಗಳು. ಅರಗಿನ ಬಣ್ಣ ಹಚ್ಚಿದ ಪುಟ್ಟ ಕಾರೊಂದನ್ನು ಮಗು ಸಿಮೆಂಟ್ ನೆಲದ ಮೇಲೆ ಎಳೆಯುತ್ತಿತ್ತು, ಅದು ಟಕಟಕ ಕುಣಿಯುತ್ತಿತ್ತು. ನನ್ನ ಕಾರಿನದೂ ಇದೇ ಪಾಡು ಅಂದುಕೊಂಡೆ. ಅಂಗಡಿಯ ಹುಡುಗ ನಟ್ಟು ಬಿಗಿಯಲು ಗಾಳಿಯ ಗನ್ ಎತ್ತಿಕೊಂಡ. ಅವನ ಮೇಷ್ಟ್ರು ತಡೆದು, ‘ಮೊದ್ಲು ಕೈಯಲ್ಲಿ ಹಿಡಿಸೋ’ ಎಂದರು. ಹಬ್ಬಿನ ಮುಖದ ತುಕ್ಕನ್ನು ಅವರೇ ತಂತಿ ಬ್ರಷ್ಷಿನಿಂದ ಉಜ್ಜಿ ತೆಗೆದರು. ನಾಲ್ಕು ನಟ್ಟನ್ನೂ ಬೆರಳಲ್ಲೇ ತಿರುಗಿಸಿ ಕೂರಿಸಿ, ಒಂದರ ಎದುರಿನದು, ಮತ್ತೊಂದರ ಎದುರಿನದು ಎಂಬ ಕ್ರಮದಲ್ಲಿ ಬಿಗಿದು, ಗಾಡಿ ಕೆಳಗಿಳಿಸಿದ ಮೇಲೆ ಟಾರ್ಕ್ ಸ್ಪ್ಯಾನರಿನಲ್ಲಿ ಮ್ಯಾನುಯಲ್ಲಿನ ಅಂಕಿಗೆ ‘ಟಿಕ್’ ಎನ್ನಿಸಿದರು. ‘ಐವತ್ತು ನೂರು ಕಿಲೋಮೀಟ್ರು ಓಡಿಸ್ಕೊಂಡ್ ಬನ್ನಿ ಸಾರ್, ಇನ್ನೊಂದ್ಸಲ ನೋಡ್ಕೊಡ್ತೀನಿ’ ಎಂದೂ ಸೇರಿಸಿದರು. ಇಂಥವರು ಸಿಕ್ಕ ಅಂಗಡಿಯನ್ನು ಬಿಡಬೇಡಿ. ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಎರಡೂ ಅದೇ ದಿನ ಆಗಬೇಕು. ಗಾಳಿ ಹೊಸ ಅಳತೆಗೆ ಸ್ಟಿಕ್ಕರಿನಲ್ಲಿ ಬರೆದಷ್ಟು; ಹಳೆಯದಕ್ಕೆ ಹಾಕುತ್ತಿದ್ದಷ್ಟೇ ಇದಕ್ಕೂ ಎಂದುಕೊಳ್ಳಬೇಡಿ.

ಏನು ಸಿಕ್ಕಿತು, ಏನು ಹೋಯಿತು

ವಾರ ಬಿಟ್ಟು ಅದೇ ಮಾಗಡಿ ರಸ್ತೆಗೆ ಹೋದೆ. ಹಂಪು ಹಂಪೇ, ಮಾಯವಾಗಲಿಲ್ಲ. ಆದರೆ ಕಿತ್ತ ಡಾಂಬರಿನ ಮೇಲೆ ಬರುತ್ತಿದ್ದ ‘ಧಡ್’ ಎಂಬ ಸದ್ದು ‘ದೊಪ್’ ಎಂದಾಯಿತು. ಕಾರಿನೊಳಗಿನ ಸದ್ದೂ ಇಳಿಯಿತು. ಟೈರು ಹೊಸದಾದ್ದರಿಂದಲೂ ಇದರಲ್ಲಿ ಒಂದು ಪಾಲು ಬಂದಿದೆ ಎಂದು ಒಪ್ಪಿಕೊಳ್ಳಬೇಕು. ಇನ್ನು ಮುಂದೆ ಟೈರು ಬದಲಿಸುವಾಗಲೂ ಹದಿನೈದಿಂಚಿನದೇ ಅಗ್ಗ, ಯಾವ ಊರಿನ ಅಂಗಡಿಯಲ್ಲೂ ಸಿಗುತ್ತದೆ. ನಡುದಾರಿಯಲ್ಲಿ ಪಕ್ಕೆ ಹರಿದರೆ ಸಾತನೂರಿನಲ್ಲೋ ಹುಲಿಯೂರುದುರ್ಗದಲ್ಲೋ ಹದಿನಾರರ ತೆಳು ಟೈರು ಹುಡುಕಿ ನೋಡಿ, ಆಗ ಅರ್ಥವಾಗುತ್ತದೆ.

ಕಳೆದುಕೊಂಡದ್ದೂ ಇದೆ. ಎಕ್ಸ್‌ಪ್ರೆಸ್‌ವೇಯಲ್ಲಿ ನೂರರ ಹತ್ತಿರ ಪಥ ಬದಲಿಸುವಾಗ ಸ್ಟೀರಿಂಗು ಮೊದಲಿನಷ್ಟು ಚುರುಕಿಲ್ಲ, ಗಾಡಿ ಒಂದು ಕ್ಷಣ ತಡೆದು ತಿರುಗುತ್ತದೆ. ತಿರುವಿನಲ್ಲಿ ವಾಲಾಟ ತುಸು ಹೆಚ್ಚು. ನೋಟವೂ ಹೋಯಿತು, ಟಾಪ್ ಮಾಡೆಲ್ಲಿಗೆ ಕಪ್ಪು ಡಿಸ್ಕ್ ನೋಡಿ ‘ಅಲಾಯ್ ಕದ್ರಾ ಸಾರ್?’ ಎಂದು ಕೇಳಿದವರಿದ್ದಾರೆ. ದಿನಾ ಬೆಂಗಳೂರಿಗೆ ಎಕ್ಸ್‌ಪ್ರೆಸ್‌ವೇಯಲ್ಲೇ ಹೋಗಿಬರುವವರು, ಗಾಡಿ ಓಡಿಸುವುದರಲ್ಲೇ ಖುಷಿ ಕಾಣುವವರು ಇದಕ್ಕೆ ಕೈಹಾಕಬೇಕಿಲ್ಲ. ಈಗಿರುವ ಟೈರಿನಲ್ಲಿ ಇನ್ನೂ ಅರ್ಧ ಆಯುಸ್ಸು ಇದ್ದರೂ ಬೇಡ. ಅವು ಸವೆದು 1.6 ಮಿ.ಮೀ. ಗುರುತಿನ ಹತ್ತಿರ ಬಂದಾಗ, ಹೇಗೂ ನಾಲ್ಕು ಟೈರಿಗೆ ದುಡ್ಡು ಹಾಕಬೇಕಾದ ಹೊತ್ತಿಗೆ ಮಾಡಿ. ಮನೆಯಲ್ಲಿ ಬೆನ್ನುನೋವಿನವರು, ವಯಸ್ಸಾದವರು, ಬಸುರಿ ಹೆಂಗಸರು ಇದ್ದು, ದಿನವೂ ಹಳ್ಳಿ ದಾರಿಯಲ್ಲೇ ಓಡಾಟವಾದರೆ ಅಷ್ಟು ಕಾಯಬೇಕಿಲ್ಲ.

ಬಿಚ್ಚಿದ ಅಲಾಯ್‌ಗಳನ್ನು ಮಾತ್ರ ಆಸೆಗೆ ಬಿದ್ದು ಮಾರಬೇಡಿ. ಗಾಡಿ ಮಾರುವ ದಿನ ಕೊಳ್ಳುವವರು ಟಾಪ್ ಮಾಡೆಲ್ಲಿನ ಬೆಲೆ ಕೊಡುವುದು ಅವನ್ನು ನೋಡಿಯೇ. ನನ್ನವು ಮೂರು ಅಟ್ಟದ ಮೇಲೆ ಗೋಣಿಚೀಲ ಹೊದ್ದು ಮಲಗಿವೆ. ಬಿರುಕು ಬಿಟ್ಟ ನಾಲ್ಕನೆಯದು ಗುಜರಿಗೆ ಹೋಯಿತು, ಅದರ ಜೋಡಿಗೆ ಒಂದು ಹುಡುಕುತ್ತಿದ್ದೇನೆ.